‘ಟು’ ಆದಮೇಲೆ ಮುದ್ದೆ

ಬೋರ್ಡಿನ ಕಡೆ ಮುಖ ಮಾಡಿ ನಿಂತಷ್ಟು ಹೊತ್ತು ನಿಶತ್‌ಗೆ ಯಾವ ಭಯವೂ ಇರಲಿಲ್ಲ. ಸೀಮೆಸುಣ್ಣ ಅವಳ ಮಾತು ಕೇಳುತ್ತಿತ್ತು. ಅಕ್ಷರಗಳು ದುಂಡುದುಂಡಗೆ, ಒಂದಕ್ಕೊಂದು ತಾಗದಂತೆ ಸಾಲಾಗಿ ಬಂದು ಕೂರುತ್ತಿದ್ದವು. ಆದರೆ ಬೋರ್ಡು ಎಷ್ಟು ಅಂತ ಹಿಡಿಸೀತು? ತುಂಬಿದ ಮೇಲೆ ತಿರುಗಲೇಬೇಕು. ತಿರುಗಿದರೆ ಎದುರಿಗೆ ಒಂದು ಕೋಣೆ ತುಂಬ ಕಣ್ಣುಗಳು.

ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಸ್ಟೀಲ್ ಪಾತ್ರೆ ಅಂಗಡಿಯ ಮಹಡಿಯ ಮೇಲೆ ರಾಮಾಂಜಿನಪ್ಪ ಮೇಷ್ಟ್ರ ಇಂಗ್ಲಿಷ್ ಕ್ಲಾಸು. ಮೇಷ್ಟ್ರು ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಇಂಗ್ಲಿಷ್ ಕಲಿಸಲು ಬೇರೆಯವರನ್ನು ಇಟ್ಟುಕೊಂಡು ಸಂಜೆ ಹೊತ್ತು ನಡೆಸುತ್ತಿದ್ದರು. ಇದ್ದ ಟೀಚರು ಮದುವೆಯಾಗಿ ತುಮಕೂರಿಗೆ ಹೋದಮೇಲೆ ಜಾಗ ಖಾಲಿ ಬಿದ್ದಿತ್ತು. ಎಂ.ಎ. ಇಂಗ್ಲಿಷ್ ಮುಗಿಸಿ ಮನೆಯಲ್ಲಿದ್ದ ನಿಶತ್ ಅರ್ಜಿ ಹಾಕಿದ್ದಳು. "ಸೋಮವಾರ, ಮಂಗಳವಾರ ಎರಡು ದಿನ ಪಾಠ ಮಾಡಮ್ಮ, ನಾನು ಹಿಂದೆ ಕೂತ್ಕೊಂಡು ನೋಡ್ತೀನಿ. ಬುಧವಾರ ಬೆಂಗಳೂರಿಂದ ಇನ್ನೊಬ್ರು ಬರ್ತಾರೆ. ಆಮೇಲೆ ಹೇಳ್ತೀನಿ" ಅಂದಿದ್ದರು ಮೇಷ್ಟ್ರು.

ಅದು ಸೋಮವಾರ. ಅವಳು ಬೋರ್ಡಿನ ಮೇಲೆ ಬರೆದದ್ದು ಒಂದೇ ನಿಯಮ: ಪ್ರಿಪೊಸಿಷನ್ ಆದಮೇಲೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಸೇರಬೇಕು. ಕೆಳಗೆ ಉದಾಹರಣೆಗಳು. ಗುಡ್ ಅಟ್ ಡ್ರೈವಿಂಗ್. ಟೈರ್ಡ್ ಆಫ್ ವೇಟಿಂಗ್. ಥ್ಯಾಂಕ್ಸ್ ಫಾರ್ ಕಮಿಂಗ್. ಐ ಆಮ್ ಯೂಸ್ಡ್ ಟು ಡ್ರೈವಿಂಗ್. ಅಟ್, ಆಫ್, ಫಾರ್, ಇನ್, ಟು ಎಂದು ಪ್ರಿಪೊಸಿಷನ್‌ಗಳ ಪಟ್ಟಿಯನ್ನೂ ಪಕ್ಕದಲ್ಲಿ ಕೊಟ್ಟಿದ್ದಳು. ಆಮೇಲೆ ತಿರುಗಿ, ತನಗೇ ಕೇಳಿಸಿತೋ ಇಲ್ಲವೋ ಅನ್ನುವ ದನಿಯಲ್ಲಿ ಓದಿದಳು.

"ಮಿಸ್, ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿ" ಅಂದಳು ಹರ್ಷಿತ. ಸಾಸಲು ಕಡೆಯ ಹುಡುಗಿ, ಬಿ.ಕಾಂ. ಮುಗಿಸಿದವಳು, ಬಾಯಿಗೆ ಬೀಗವಿಲ್ಲ. ಕ್ಲಾಸು ನಕ್ಕಿತು.

ನಿಶತ್ ಇನ್ನೊಮ್ಮೆ ಓದಿದಳು. ಆಗ ಮಧ್ಯದ ಬೆಂಚಿನಿಂದ ಕೆಂಪರಾಜ್ ಕೈಯೆತ್ತಿದ. ದೊಡ್ಡಬೆಳವಂಗಲದವನು. ದೇವನಹಳ್ಳಿ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಾನೆ. ಹಿಂದಿನ ಸೀಟಿನವರ ಜೊತೆ ನಾಲ್ಕು ಮಾತು ತಪ್ಪಿಲ್ಲದೆ ಆಡಬೇಕು ಅಂತ ಕ್ಲಾಸಿಗೆ ಸೇರಿದ್ದವನು.

"ಮಿಸ್, ಒಂದು ಡೌಟು. ನಿಮ್ಮ ಲಿಸ್ಟಲ್ಲಿ ‘ಟು’ ಐತಲ್ಲ? ಹಂಗಾರೆ ನಾನು ‘ಐ ವಾಂಟ್ ಟು ಗೋಯಿಂಗ್’ ಅನ್ಬೇಕಾ?"

"ಇಲ್ಲ ಇಲ್ಲ. ಐ ವಾಂಟ್ ಟು ಗೋ. ಅಲ್ಲಿ ಅದು ಪ್ರಿಪೊಸಿಷನ್ ಅಲ್ಲ, ಇನ್ಫಿನಿಟಿವ್ ಮಾರ್ಕರ್."

"ಮತ್ತೆ ಇಲ್ಲಿ ಬರ್ದಿದೀರಲ್ಲ, ‘ಐ ಆಮ್ ಯೂಸ್ಡ್ ಟು ಡ್ರೈವಿಂಗ್’ ಅಂತ?"

"ಅಲ್ಲಿ ಅದು ಪ್ರಿಪೊಸಿಷನ್."

"ಅದೇ ಟು, ಅದೇ ಸ್ಪೆಲಿಂಗು. ಒಂದ್ಕಡೆ ಅದ್ರ ಹೆಸ್ರು ಹಂಗೆ, ಇನ್ನೊಂದ್ಕಡೆ ಹಿಂಗೆ." ಕೆಂಪರಾಜ್ ಗೇಲಿ ಮಾಡುತ್ತಿರಲಿಲ್ಲ, ನಿಜವಾಗಿ ಕೇಳುತ್ತಿದ್ದ. "ಎಲ್ಲಿ ಯಾವ್ದು ಅಂತ ನಮ್ಮಂಥೋರು ಕಂಡ್ಹಿಡಿಯೋದು ಹೆಂಗೆ ಮಿಸ್?"

ನಿಶತ್ ಬಾಯಿ ತೆರೆದಳು. ಅವಳಿಗೆ ಉತ್ತರ ಗೊತ್ತಿತ್ತು ಅಂತಲೇ ಅವಳು ಅಂದುಕೊಂಡಿದ್ದಳು. ಪುಸ್ತಕದಲ್ಲಿ ಓದಿದ್ದ ಹೆಸರುಗಳೆಲ್ಲ ತಲೆಯಲ್ಲಿದ್ದವು. ಆದರೆ ಹೆಸರು ಗೊತ್ತಿರುವುದು ಬೇರೆ, ಗುರುತು ಹಿಡಿಯುವುದು ಬೇರೆ. ತಾನು ಇಷ್ಟು ವರ್ಷ ಬರೀ ರೂಢಿಯ ಮೇಲೆ ಸರಿಯಾಗಿ ಬರೆಯುತ್ತ ಬಂದವಳು. ರೂಢಿಯನ್ನು ಇನ್ನೊಬ್ಬರ ಕೈಗೆ ಎತ್ತಿಕೊಡುವುದು ಹೇಗೆ? ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಂಡಿತು.

"ನಾಳೆ... ನಾಳೆ ಹೇಳ್ತೀನಿ" ಅಂದಳು.

ಎಲ್ಲರೂ ಇಳಿದು ಹೋದಮೇಲೆ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಾ ಹತ್ತಿರ ಬಂದರು. "ಅಕ್ಷರ ಮುತ್ತಿನಂಗಿದೆ ಕಣಮ್ಮ. ಆದ್ರೆ ಇಲ್ಲಿಗೆ ಬರೋರು ದಿನವೆಲ್ಲ ದುಡಿದು, ದುಡ್ಡು ಕೊಟ್ಟು ಬರ್ತಾರೆ. ಕೇಳಿದ್ದಕ್ಕೆ ಉತ್ತರ ಸಿಗ್ಲಿಲ್ಲ ಅಂದ್ರೆ ಮಾರನೇ ದಿನ ಬರಲ್ಲ. ನೋಡು, ನಾಳೆ ಹೇಗೆ ಮಾಡ್ತೀಯೋ." ಗದರಿಸಿ ಹೇಳಿದ ಮಾತಲ್ಲ. ಅದಕ್ಕೇ ಇನ್ನೂ ಹೆಚ್ಚು ನಾಟಿತು.

ಮನೆಯಲ್ಲಿ ಅವಳಿಗಾಗಿ ಇನ್ನೊಂದು ಕೆಲಸ ಕಾಯುತ್ತಿತ್ತು. ಹೊಸಕೋಟೆಯಲ್ಲಿರುವ ಮಸ್ತಾನ್ ಮಾಮೂ, ಅಂದರೆ ಅಮ್ಮನ ಅಣ್ಣ, ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿ ಮಾತಾಡಿಟ್ಟಿದ್ದರು. ಬಂದ ಸಾಮಾನು, ಹೋದ ಸಾಮಾನು ಕಂಪ್ಯೂಟರಿಗೆ ಹಾಕುವುದು. ಮಾಮೂ ಮನೆಯಲ್ಲೇ ಇರಬಹುದು. ಮಂಗಳವಾರ ಸಂಜೆಯೊಳಗೆ ಹೂಂ ಅನ್ನಬೇಕು. ಮಾತಾಡದ ಹುಡುಗಿಗೆ ಮಾತೇ ಬೇಡದ ಕೆಲಸ, ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಕ್ಕೀತು ಅಂತ ಎಲ್ಲರೂ ಖುಷಿಯಾಗಿದ್ದರು. ಅವಳಿಗೆ ಏನು ಬೇಕು ಅಂತ ಯಾರೂ ಕೇಳಿರಲಿಲ್ಲ. ಅವರ ತಪ್ಪೂ ಅಲ್ಲ. ಕೇಳಿದರೆ ಅವಳು "ನೀವು ಹೇಳಿದ ಹಾಗೆ" ಅನ್ನುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಪಾಠ ಹೇಳುವುದು. ಕಾಲೇಜು ಹಾಸ್ಟೆಲಿನಲ್ಲಿ ಜೊತೆಯವಳೊಬ್ಬಳಿಗೆ ಪರೀಕ್ಷೆಯ ಮುಂಚೆ ವ್ಯಾಕರಣ ಹೇಳಿಕೊಡುತ್ತಿದ್ದಳು. ಒಂದು ವಿಷಯ ತಿಳಿಯುವ ಮುಂಚೆ ಒಬ್ಬರ ಮುಖ ಹೇಗಿರುತ್ತದೆ, ತಿಳಿದ ಗಳಿಗೆಯಲ್ಲಿ ಹೇಗಾಗುತ್ತದೆ, ಆ ಎರಡರ ನಡುವಿನ ಕ್ಷಣವನ್ನು ಆಗ ಕಂಡಿದ್ದಳು. ಅದನ್ನು ಇನ್ನೊಮ್ಮೆ ನೋಡಬೇಕು ಅನ್ನುವ ಆಸೆ ಎದೆಯೊಳಗೆ ಕೂತುಬಿಟ್ಟಿತ್ತು. ಒಬ್ಬಳ ಎದುರು ಬರುವ ಮಾತು ಒಂದು ಕೋಣೆಯ ಎದುರು ಬರುವುದಿಲ್ಲ ಅನ್ನುವುದೊಂದೇ ತೊಡಕು.

"ಕ್ಯಾ ಹುವಾ ಗೇ? ಮುಖ ಯಾಕೆ ಹಿಂಗೆ?" ಒಲೆಯ ಮುಂದೆ ಹಿಟ್ಟು ತೊಳಸುತ್ತಾ ಅಮ್ಮ ಶಹನಾಜ್ ಕೇಳಿದಳು. ಮನೆಮಾತು ದಖ್ನಿಯಾದರೂ ಮಾತಿನ ಅರ್ಧಕ್ಕೆ ಕನ್ನಡ ಬೆರೆಸದೆ ಅವಳಿಗೆ ಆಗದು.

"ಕುಚ್ ನೈ ಅಮ್ಮೀ."

"ಕುಚ್ ನೈ ಅಂದ್ರೆ ಏನೋ ಐತೆ ಅಂತ. ಹೋಗ್ಲಿ ಬಿಡು, ನಾಳೆ ಒಂದಿನ. ಆಮೇಲೆ ಪಿಲ್ಲಗುಂಪೆ. ಜಾನೇ ಕು ಬಸ್, ಆನೇ ಕು ಬಸ್. ಹೋಗಕ್ಕೂ ಬಸ್ಸು, ಬರಕ್ಕೂ ಬಸ್ಸು, ಕಂಪ್ನಿದೇ."

ನಿಶತ್ ಈರುಳ್ಳಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ಜಾನೇ ಕು. ಹೋಗಕ್ಕೆ. ಜಾನಾ ಅನ್ನುವುದು ಕು ಬಂದ ಕೂಡಲೇ ಜಾನೇ ಆಯಿತು. ಕನ್ನಡದಲ್ಲಿ? ಹೋಗು ಅನ್ನುವುದಕ್ಕೆ ನೇರವಾಗಿ ‘ಇಂದ’ ಹಚ್ಚಿದರೆ ಹೋಗಿಂದ. ಅಂಥ ಮಾತೇ ಇಲ್ಲ. ಹೋಗೋದ್ರಿಂದ ಅನ್ನಬೇಕು. ಹೋಗೋದ್ರಲ್ಲಿ. ಹೋಗೋದನ್ನ. ಹೋಗೋದ್ರ ಬಗ್ಗೆ. ಕ್ರಿಯಾಪದಕ್ಕೆ ವಿಭಕ್ತಿ ಬರಬೇಕಾದರೆ ನಡುವೆ ಒಂದು ‘ಓದು’ ಬರಲೇಬೇಕು. ಆ ಓದು ಬಂದಮೇಲೆ ಅದು ಕೆಲಸ ಹೇಳುವ ಪದವಲ್ಲ, ಒಂದು ವಸ್ತುವಿನ ಹೆಸರು. ಇಂಗ್ಲಿಷಿನ ‘ಇಂಗ್’ ಮಾಡುವುದೂ ಅದನ್ನೇ ಅಲ್ಲವೇ? ಹಾಗಾದರೆ ಹೋಗಕ್ಕೆ ಅನ್ನುವುದರಲ್ಲಿ ಓದು ಎಲ್ಲಿ ಹೋಯಿತು? ಬರೆಯುವಾಗ ಹೋಗುವುದಕ್ಕೆ. ಸ್ವಲ್ಪ ಅವಸರದಲ್ಲಿ ಹೋಗೋದಕ್ಕೆ. ಬಾಯಲ್ಲಿ ಹೋಗಕ್ಕೆ. ನಾವು ನುಂಗಿಬಿಟ್ಟಿದ್ದೇವೆ! ಉಳಿದ ಯಾವ ವಿಭಕ್ತಿಯಲ್ಲೂ ನುಂಗುವುದಿಲ್ಲ, ಈ ‘ಕ್ಕೆ’ಯಲ್ಲಿ ಮಾತ್ರ. ಇಂಗ್ಲಿಷಿನಲ್ಲಿ ಕೆಂಪರಾಜ್ ಎಡವಿದ್ದೂ ಈ ‘ಕ್ಕೆ’ಗೆ ಸಮನಾದ ‘ಟು’ ಹತ್ತಿರ ಮಾತ್ರ.

ಅಷ್ಟರಲ್ಲಿ ಅಣ್ಣ ಅಕೀಬ್ ಮೊಬೈಲ್ ಅಂಗಡಿ ಮುಚ್ಚಿ ಬಂದ. ಒಲೆಯ ಕಡೆ ಬಗ್ಗಿ ನೋಡಿ, "ಇವತ್ತೂ ಮುದ್ದೆನಾ ಅಮ್ಮೀ? ಬೇಜಾರಾಗೋಯ್ತು ಮುದ್ದೆ ತಿಂದು" ಅಂದ.

"ನಕ್ಕೋ, ಬೇಡ ಅಂದ್ರೆ ಉಪವಾಸ ಮಲ್ಕೊ" ಅಂದಳು ಅಮ್ಮ, ಒದ್ದೆ ಕೈಯಲ್ಲಿ ಮುದ್ದೆ ಕಟ್ಟಿ ಅವನ ತಟ್ಟೆಗೆ ಇಡುತ್ತಾ.

ಟೈರ್ಡ್ ಆಫ್ ಮುದ್ದೆ, ಅಂದುಕೊಂಡಳು ನಿಶತ್. ಟೈರ್ಡ್ ಆಫ್ ಈಟಿಂಗ್ ಮುದ್ದೆ. ಪ್ರಿಪೊಸಿಷನ್ ಆದಮೇಲೆ ಮುದ್ದೆ ಸಲೀಸಾಗಿ ಬಂದು ಕೂತುಕೊಳ್ಳುತ್ತದೆ. ಯಾಕೆಂದರೆ ಅದು ವಸ್ತು. ಯೂಸ್ಡ್ ಟು ಮುದ್ದೆ, ಕೂತಿತು. ವಾಂಟ್ ಟು ಮುದ್ದೆ... ಅವಳಿಗೆ ನಗು ಬಂತು. ಎಷ್ಟು ತಡೆದರೂ ಬಂತು.

"ಇವಳಿಗೇನಾಯ್ತು?" ಅಂದ ಅಕೀಬ್.

"ಖಾನೇ ಕು ಬೈಠ್, ಊಟಕ್ಕೆ ಕೂತ್ಕೋ. ಅವಳಿಗೆ ಆವಾಗಾವಾಗ ಹಂಗಾಗ್ತದೆ" ಅಂದಳು ಅಮ್ಮ.

ಮಂಗಳವಾರ ಸಂಜೆ ನಿಶತ್ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಬರೆಯತೊಡಗಿದರೆ ಅಲ್ಲೇ ಅಡಗಿಕೊಂಡುಬಿಡುತ್ತೇನೆ ಅಂತ ಅವಳಿಗೆ ಗೊತ್ತಿತ್ತು. ಹಿಂದಿನ ಗೋಡೆಗೆ ಒರಗಿ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಅವಳು ಕೆಂಪರಾಜನೊಬ್ಬನನ್ನೇ ನೋಡಿದಳು. ಹಾಸ್ಟೆಲಿನ ಗೆಳತಿ ಒಬ್ಬಳೇ ಎದುರಿಗಿದ್ದಾಳೆ ಅಂದುಕೊಂಡರೆ ಆಯಿತು.

"ಕೆಂಪರಾಜ್, ‘ಹೋಗು’ ಅನ್ನೋದಕ್ಕೆ ‘ಇಂದ’ ಸೇರಿಸಿ ಹೇಳಿ."

"ಹೋಗಿಂದ... ಅಲ್ಲ ಅಲ್ಲ, ಹೋಗೋದ್ರಿಂದ."

"‘ಅಲ್ಲಿ’ ಸೇರಿಸಿ."

"ಹೋಗೋದ್ರಲ್ಲಿ."

"ಓದು ಅನ್ನೋದು ನಡುವೆ ಎಲ್ಲಿಂದ ಬಂತು? ಯಾರು ಹೇಳಿಕೊಟ್ಟರು?"

ಕೆಂಪರಾಜ್ ಹುಬ್ಬು ಗಂಟಿಕ್ಕಿದ. "ಯಾರೂ ಹೇಳ್ಕೊಟ್ಟಿಲ್ಲ ಮಿಸ್. ಅದಿಲ್ದೆ ಬಾಯೇ ತಿರುಗಲ್ಲ."

"ಹಾಗೇ ಇಂಗ್ಲಿಷಿನವರಿಗೂ. ನಾವು ಪದದ ಹಿಂದೆ ಹಚ್ಚೋ ವಿಭಕ್ತೀನ ಅವರು ಪದದ ಮುಂದೆ ಬೇರೆಯಾಗಿ ಇಡ್ತಾರೆ. ಅದೇ ಪ್ರಿಪೊಸಿಷನ್. ನಮಗೆ ‘ಓದು’ ಬೇಕು, ಅವರಿಗೆ ‘ಇಂಗ್’ ಬೇಕು."

"ಅಂದ್ರೆ ಓದಿಲ್ದೆ ಇದ್ರೆ ಮುಂದಕ್ಕೆ ಹೋಗಂಗಿಲ್ಲ ಅನ್ನಿ" ಅಂದಳು ಹರ್ಷಿತ. "ನಮ್ಮಪ್ಪನೂ ದಿನಾ ಅದನ್ನೇ ಬೈಯೋದು." ಕ್ಲಾಸು ಗೊಳ್ಳೆಂದಿತು. ನಿಶತ್ ಕೂಡ ನಕ್ಕಳು.

"ಆದ್ರೆ ಮಿಸ್," ಹರ್ಷಿತ ಬಿಡಲಿಲ್ಲ, "‘ವಿಥೌಟ್ ಟೆಲಿಂಗ್’ ಅಂದ್ರೆ ‘ಹೇಳದೆ’. ಅಲ್ಲಿ ಓದು ಇಲ್ವಲ್ಲ?"

"ಇಲ್ಲ" ಅಂದಳು ನಿಶತ್. "ಎಲ್ಲಾ ಕಡೆ ಪದಕ್ಕೆ ಪದ ಹೊಂದಲ್ಲ. ವಿಥೌಟ್ ಕೂಡ ಪ್ರಿಪೊಸಿಷನ್ನೇ, ಅವರಿಗೆ ಇಂಗ್ ಬೇಕೇ ಬೇಕು. ನಾವು ಅದನ್ನ ಬೇರೆ ಥರ ಹೇಳ್ತೀವಿ, ಅಷ್ಟೆ." ಹೊಂದುವುದಿಲ್ಲ ಅಂತ ಒಪ್ಪಿಕೊಂಡದ್ದರಿಂದ ಏನೂ ಆಗಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ.

"ಈಗ ಟು. ‘ಕ್ಕೆ’ ಸೇರಿಸಿ, ಕೆಂಪರಾಜ್."

"ಹೋಗಕ್ಕೆ."

"ಓದು ಎಲ್ಲಿ?"

ಕೆಂಪರಾಜ್ ಬಾಯೊಳಗೇ ಇನ್ನೊಂದು ಸಲ ಹೇಳಿ ನೋಡಿಕೊಂಡ. "ಅಯ್ಯೋ, ನುಂಗ್ಬಿಟ್ಟೆ!"

"ನೀವೊಬ್ಬರೇ ಅಲ್ಲ, ಎಲ್ಲರೂ ನುಂಗಿದೀವಿ. ‘ಗಾಡಿ ಓಡ್ಸಕ್ಕೆ ಅಭ್ಯಾಸ ಆಗಿದೆ’ ಅಂತೀವಿ. ‘ಗಾಡಿ ಓಡ್ಸಕ್ಕೆ ಇಷ್ಟ’ ಅಂತೀವಿ. ಕಿವಿಗೆ ಎರಡೂ ಒಂದೇ, ಇಂಗ್ಲಿಷಲ್ಲಿ ಮಾತ್ರ ಒಂದು ‘ಟು ಡ್ರೈವಿಂಗ್’, ಇನ್ನೊಂದು ‘ಟು ಡ್ರೈವ್’. ಅದಕ್ಕೇ ಇಂಗ್ಲಿಷಲ್ಲಿ ನಮಗೆ ಕಿವಿ ನಂಬಿದ್ರೆ ಆಗಲ್ಲ. ಒಂದು ಮುದ್ದೆ ಬೇಕು."

"ಮುದ್ದೆನಾ?"

"ಟು ಆದಮೇಲೆ ಕ್ರಿಯಾಪದ ತೆಗೆದು ಒಂದು ಮುದ್ದೆ ಇಡಿ. ಮುದ್ದೆ ಕೂತ್ರೆ ಅದು ಪ್ರಿಪೊಸಿಷನ್, ಇಂಗ್ ಹಾಕಿ. ಉರುಳಿ ಬಿದ್ರೆ ಇಂಗ್ ಬೇಡ. ನೋಡಿ, ‘ಐ ಆಮ್ ಯೂಸ್ಡ್ ಟು ಮುದ್ದೆ’."

"ಕೂತ್ಕೊಂತು. ನಮ್ಮನೇಲಿ ಎಲ್ರದ್ದೂ ಅದೇ ಕಥೆ."

"‘ಐ ವಾಂಟ್ ಟು ಮುದ್ದೆ’."

"ಬಿತ್ತು!" ಅಂತ ಎರಡು ಮೂರು ದನಿಗಳು ಒಟ್ಟಿಗೆ ಕೂಗಿದವು.

ಆಮೇಲೆ ಕ್ಲಾಸು ಅವಳ ಕೈಯಲ್ಲಿ ಉಳಿಯಲಿಲ್ಲ. ಯಾರೋ ‘ಐ ಹ್ಯಾವ್ ಟು ಮುದ್ದೆ’ ಅಂದರು, ಬಿತ್ತು. ಯಾರೋ ‘ಐ ಯೂಸ್ಡ್ ಟು ಮುದ್ದೆ’ ಅಂದರು, ಅದೂ ಬಿತ್ತು. "ಆಮ್ ಇದ್ರೆ ಕೂರ್ತದೆ, ಆಮ್ ಇಲ್ದಿದ್ರೆ ಬೀಳ್ತದೆ. ಅದೇ ಪದ, ಅರ್ಥ ಬೇರೆ!" ಅಂತ ಕೆಂಪರಾಜ್ ತಾನಾಗಿಯೇ ಕಂಡುಹಿಡಿದ. ಹೇಳುವಾಗ ಅವನ ಮುಖ ಬದಲಾಯಿತು. ನಿಶತ್ ಅದನ್ನೇ ನೋಡಿದಳು. ಇದಕ್ಕೇ ತಾನು ಇಲ್ಲಿಗೆ ಬಂದದ್ದು.

"ಮಿಸ್, ‘ಐ ವೆಂಟ್ ಟು ಸಾಸಲು’ ಅಂತೀವಿ. ಕೂತ್ಕೊಂತು" ಅಂದಳು ಹರ್ಷಿತ. "ಹಂಗಾದ್ರೆ ‘ಐ ವೆಂಟ್ ಟು ಬೈಯಿಂಗ್’ ಅನ್ಲಾ?"

"ಊರು ಇಡಬೇಡಿ, ಮುದ್ದೆನೇ ಇಡಿ. ಮುದ್ದೆ ಹತ್ರಕ್ಕೆ ಯಾರು ಪ್ರಯಾಣ ಹೋಗ್ತಾರೆ?"

"ಕೆಂಪರಾಜಣ್ಣ ಹೋಗ್ತಾರೆ ಮಿಸ್. ಮಧ್ಯಾಹ್ನ ಟ್ಯಾಕ್ಸಿ ನಿಲ್ಸಿ ಮುದ್ದೆ ಹೋಟ್ಲಿಗೆ."

"ಲೇ ಹರ್ಷಿ, ನಿನ್ನ ಬಾಯಿಗೆ ಮೊದ್ಲು ಒಂದು ಮುದ್ದೆ ಇಡ್ಬೇಕು ಕಣೇ!"

"ನೀವು ಹೇಳೋದು ಸರಿ" ಅಂದಳು ನಿಶತ್, ನಗು ಇಳಿಯುವವರೆಗೆ ಕಾದು. "ಹೋಗೋ ಬರೋ ಪದಗಳ ಹತ್ರ ನನ್ನ ಮುದ್ದೆ ಸೋಲುತ್ತೆ. ಅಲ್ಲಿ ‘ಯಾಕೆ ಹೋದೆ’ ಅಂತ ಕೇಳ್ಕೊಳ್ಳಿ. ಯಾಕೆ ಅನ್ನೋದಕ್ಕೆ ಉತ್ತರವಾಗಿ ಕ್ರಿಯಾಪದ ಬಂದ್ರೆ ಇಂಗ್ ಬೇಡ. ಐ ವೆಂಟ್ ಟು ಬೈ."

ಕೆಂಪರಾಜನಿಗೆ ಈಗ ಆಟ ಹತ್ತಿಬಿಟ್ಟಿತ್ತು. ಕಣ್ಣಿಗೆ ಬಿದ್ದದ್ದಕ್ಕೆಲ್ಲ ಮುದ್ದೆ ಇಡುತ್ತಾ ಹಿಂದೆ ತಿರುಗಿದ. ಮೇಷ್ಟ್ರ ತಲೆಯ ಮೇಲೆ, ಗೋಡೆಯಲ್ಲಿ, ಕ್ಲಾಸಿನ ಹೊಸ ಫ್ಲೆಕ್ಸ್ ತೂಗುತ್ತಿತ್ತು. ನೀಲಿ ಬಣ್ಣದ ಮೇಲೆ ಹಳದಿ ಅಕ್ಷರ. ಅವನು ಗಟ್ಟಿಯಾಗಿ ಓದಿದ. "ವಿ ಲುಕ್ ಫಾರ್ವರ್ಡ್ ಟು ಮೀಟ್ ಯು. ವಿ ಲುಕ್ ಫಾರ್ವರ್ಡ್ ಟು... ಮುದ್ದೆ." ನಿಲ್ಲಿಸಿದ. "ಮಿಸ್, ಕೂತ್ಕೊಂತಲ್ಲ?"

ನಗುತ್ತಿದ್ದವರೆಲ್ಲ ಮೇಷ್ಟ್ರ ಕಡೆ ತಿರುಗಿದರು. ಆ ವಾಕ್ಯವನ್ನು ಮೇಷ್ಟ್ರೇ ಕೂತು ಯೋಚಿಸಿ ಬರೆಸಿದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಇದೇ ಸಾಲನ್ನು ಕೆಳಗೆ ರಸ್ತೆಯ ಕಡೆಗೂ ದೊಡ್ಡದಾಗಿ ಹಾಕಿಸಿದ್ದರು.

ನಿಶತ್ ಮೇಷ್ಟ್ರನ್ನು ನೋಡಿದಳು. ಅವರು ಕನ್ನಡಕದ ಮೇಲಿಂದ ಅವಳನ್ನೇ ನೋಡುತ್ತಿದ್ದರು. ಏನೂ ಹೇಳದೆ ಪಾಠ ಮುಂದುವರಿಸಬಹುದಿತ್ತು. ಇಂಡಿಯಾದಲ್ಲಿ ಹೀಗೂ ಬರೆಯುತ್ತಾರೆ ಅಂತ ಜಾರಿಕೊಳ್ಳಬಹುದಿತ್ತು. ಕೆಲಸ ಕೊಡುವವರು ಅವರು. ಆದರೆ ಈ ಕಡೆ ಕೆಂಪರಾಜ್ ಕಾಯುತ್ತಿದ್ದಾನೆ. ನಿನ್ನೆ ಅವನಿಗೆ ಗುರುತು ಹಿಡಿಯುವ ದಾರಿ ಬೇಕಾಗಿತ್ತು. ಇವತ್ತು ಹಿಡಿದಿದ್ದಾನೆ. ಈಗ ಅಲ್ಲ ಅಂದರೆ ಅವನ ಕೈಗೆ ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ.

"ಹೌದು, ಕೂರುತ್ತೆ" ಅಂದಳು. ದನಿ ಕೊನೆಯ ಬೆಂಚಿಗೂ ಕೇಳಿಸಿತು. "ಅಲ್ಲಿ ಮೀಟಿಂಗ್ ಅಂತ ಇರಬೇಕು. ಸರ್, ಅದು... ತಪ್ಪಾಗಿದೆ."

ರಾಮಾಂಜಿನಪ್ಪ ಮೇಷ್ಟ್ರು ಎದ್ದರು. ಕುರ್ಚಿ ಪಕ್ಕಕ್ಕೆ ಸರಿಸಿ, ತಿರುಗಿ, ಕತ್ತೆತ್ತಿ ಫ್ಲೆಕ್ಸ್ ಓದಿದರು. ತುಟಿ ಅಲ್ಲಾಡಿತು. ಲೆಕ್ಕ ತಾಳೆ ನೋಡುವವರ ಹಾಗೆ ಒಂದು ಸಲ ಮೀಟ್ ಇಟ್ಟು ನೋಡಿದರು, ಒಂದು ಸಲ ಮುದ್ದೆ ಇಟ್ಟು ನೋಡಿದರು.

"ಕೂರ್ತದಲ್ಲಮ್ಮಾ" ಅಂದರು ಕೊನೆಗೆ. "ಚೆನ್ನಾಗೇ ಕೂರ್ತದೆ. ಥೂ, ರಸ್ತೆ ಕಡೆಗೆ ಬೇರೆ ಹಾಕ್ಸಿದೀನಿ." ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕರು. "ಕೆಂಪರಾಜ, ಆ ಕುರ್ಚಿ ಮೇಲೆ ಹತ್ತಿ ಇಂಗ್ ಸೇರಿಸಪ್ಪ. ಮಾರ್ಕರ್ ಅಲ್ಲೇ ಇದೆ. ಹೊಸದು ಮಾಡ್ಸೋವರೆಗೂ ಹಂಗೇ ಇರ್ಲಿ."

ಕೆಂಪರಾಜ್ ಹತ್ತಿದ. ಹಳದಿ ಅಕ್ಷರದ ಪಕ್ಕದಲ್ಲಿ ಕಪ್ಪು ಇಂಗ್, ಜಾಗ ಸಾಲದೆ ಸ್ವಲ್ಪ ಮೇಲಕ್ಕೆ ಏರಿಕೊಂಡು ಕೂತಿತು.

ಕ್ಲಾಸು ಮುಗಿದಾಗ ಮೇಷ್ಟ್ರು ಫೋನ್ ತೆಗೆದು ಯಾರಿಗೋ ಮಾಡಿದರು. "ಇಲ್ಲ ಸರ್, ನಾಳೆ ನೀವು ಅಷ್ಟು ದೂರದಿಂದ ಬರೋದು ಬೇಡ. ಜಾಗ ತುಂಬಿದೆ" ಅನ್ನುವುದು ನಿಶತ್‌ಗೆ ಕೇಳಿಸಿತು. ಅವರು ಅವಳ ಕಡೆ ತಿರುಗಿ, "ನಾಳೆ ಏನು ಪಾಠ ಅಂತ ಯೋಚ್ನೆ ಮಾಡ್ಕೊಂಡು ಬಾಮ್ಮ. ಆ ಹುಡುಗಿ ಹರ್ಷಿತ ಸುಮ್ನೆ ಬಿಡೋಳಲ್ಲ" ಅಂದರು.

ಮೆಟ್ಟಿಲಿಳಿದು ಬೀದಿಗೆ ಬಂದ ನಿಶತ್ ಪಾತ್ರೆ ಅಂಗಡಿಯ ಮುಂದೆಯೇ ನಿಂತು ಮಸ್ತಾನ್ ಮಾಮೂಗೆ ಫೋನ್ ಮಾಡಿದಳು. ಬಸ್ಸುಗಳ ಹಾರ್ನು, ಕಂಡಕ್ಟರುಗಳ ಕೂಗು. ಒಂದು ಕಿವಿ ಮುಚ್ಚಿಕೊಂಡಳು.

"ಮಾಮೂ, ಪಿಲ್ಲಗುಂಪೆಗೆ ನಾನು ಬರಲ್ಲ. ಇಲ್ಲೇ ಪಾಠ ಹೇಳ್ತೀನಿ. ಕೆಲಸ ಸಿಕ್ತು."

"ಯಾರು ಮಾತಾಡ್ತಿರೋದು?" ಅಂದರು ಮಾಮೂ.

"ನಾನೇ ಮಾಮೂ, ನಿಶತ್."

"ಅರೇ! ನಿಶತ್‌ ಇಷ್ಟು ಮಾತಾಡ್ತಾಳಾ? ಬೇರೆ ಯಾರೋ ಅಂದ್ಕೊಂಡೆ." ಮಾಮೂ ನಕ್ಕರು. "ಅಚ್ಛಾ ಬೇಟಾ, ಸ್ಟೋರಿನವರಿಗೆ ನಾನು ಹೇಳ್ತೀನಿ, ತಲೆ ಕೆಡಿಸ್ಕೋಬೇಡ. ಏನು ಪಾಠ ಹೇಳ್ಕೊಡೋದು ನೀನು?"

ನಿಶತ್ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕೂತುಕೊಂಡಳು. ಮಾಮೂ ಕೇಳಿದ್ದಾರೆ, ಹೇಳಬೇಕಲ್ಲ. "ಮಾಮೂ, ಜಾನಾ ಅನ್ನೋದು ಕು ಬಂದ್ರೆ ಜಾನೇ ಯಾಕಾಗುತ್ತೆ, ಹೇಳಿ?" ಅಂತ ಶುರುಮಾಡಿದಳು.